ಚಾನೆಲ್ ನಂಬರ್ ಎಷ್ಟು?

ಅಮೆರಿಕದಲ್ಲಿ ಸಾಕರ್ ಕ್ರೀಡಾಂಗಣಗಳು ತುಂಬುತ್ತಿವೆ, ತಂಡಗಳ ಬೆಲೆ ಏರುತ್ತಲೇ ಇದೆ. ಆದರೆ ಮನೆಯಲ್ಲಿ ಕೂತು ಟೀವಿಯಲ್ಲಿ ನೋಡುವವರು? ವಿಶ್ವಕಪ್ ಬಾಗಿಲಲ್ಲಿರುವ ಈ ಹೊತ್ತಿನಲ್ಲಿ ಒಂದು ನೋಟ.

2023ರ ಫೆಬ್ರುವರಿ ಕೊನೆಯ ಶನಿವಾರ. ಸಂಜೆ ಆರೂವರೆ ಇರಬೇಕು. ಹೊರಗೆ ಚಳಿ, ಒಳಗೆ ಒಲೆ ಮೇಲೆ ಉಪ್ಪಿಟ್ಟು. ಕಾಲಿಂಗ್ ಬೆಲ್ ಆಯ್ತು. ಬಾಗಿಲು ತೆಗೆದರೆ ಪಕ್ಕದ ಮನೆಯ ಹಿರಿಯರು, ಕೈಯಲ್ಲಿ ರಿಮೋಟ್ ಹಿಡಿದುಕೊಂಡೇ ಬಂದಿದ್ದರು.

"ನೀನು ಕಂಪ್ಯೂಟರ್ ಕೆಲಸದವನಲ್ವಾ? ಇವತ್ತು ಕ್ರೂ ಮ್ಯಾಚ್ ಇದೆ. ಚಾನೆಲ್ ನಂಬರ್ ಎಷ್ಟು ಅಂತ ಹೇಳು."

ನಾವಿರೋದು ಒಹಾಯೊ ರಾಜ್ಯದ ರಾಜಧಾನಿ ಕೊಲಂಬಸ್‌ನಲ್ಲಿ. ಕೊಲಂಬಸ್ ಕ್ರೂ ನಮ್ಮೂರಿನ ಸಾಕರ್ ತಂಡ. ಈ ಹಿರಿಯರಿಗೆ ಎಪ್ಪತ್ತು ದಾಟಿದೆ. ನನ್ನ ಮಗಳು ಚಿಕ್ಕವಳಿದ್ದಾಗಿನಿಂದ ಅವರನ್ನು 'ತಾತ' ಅಂತಲೇ ಕರೆಯೋದು, ಈಗ ನಾವೂ ಹಾಗೇ ಕರೀತೀವಿ. ಅದು ತಮ್ಮ ಕನ್ನಡ ಹೆಸರು ಅಂತ ಅವರು ತಿಳಿದುಕೊಂಡಿದ್ದಾರೆ.

"ಚಾನೆಲ್ ಇಲ್ಲ ತಾತ, ಈ ವರ್ಷದಿಂದ ಆ್ಯಪ್" ಅಂದೆ. ಅವರ ಮನೆಗೆ ಹೋಗಿ ಟೀವಿಯಲ್ಲಿ ಆ್ಯಪ್ ಹಾಕಿ, ಪಾಸ್‌ವರ್ಡ್ ಬರೆದುಕೊಟ್ಟು, ಚಂದಾ ಕಟ್ಟಿಸಿ ಕೊಡೋಕೆ ಮುಕ್ಕಾಲು ಗಂಟೆ ಹಿಡೀತು. ಚಿತ್ರ ಬಹಳ ಚೆನ್ನಾಗಿ ಬಂತು. ತಾತ ಖುಷಿಯಾದರು. ಆಮೇಲೆ ಸುಮ್ಮನೆ ಒಂದು ಮಾತು ಕೇಳಿದರು: "ಸರಿ, ನನಗೆ ನೀನು ಹಾಕಿಕೊಟ್ಟೆ. ಇಂಥ ಆಟವೊಂದು ಇದೆ ಅಂತಲೇ ಗೊತ್ತಿಲ್ಲದವನಿಗೆ ಯಾರು ಹಾಕಿಕೊಡ್ತಾರೆ?"

ಆವತ್ತಿನಿಂದ ಈ ಪ್ರಶ್ನೆ ನನ್ನ ತಲೆಯಲ್ಲೇ ಇದೆ. ಅಮೆರಿಕದ ಸಾಕರ್ ಲೀಗ್‌ಗಳ ಐವತ್ತು-ಅರವತ್ತು ವರ್ಷದ ಕಥೆಯನ್ನೆಲ್ಲ ಓದಿದರೆ, ಕೊನೆಗೆ ಬಂದು ನಿಲ್ಲೋದು ಇದೇ ಪ್ರಶ್ನೆಯ ಮುಂದೆ.

ನಮ್ಮ ಬಾಲ್ಯವನ್ನೇ ನೋಡಿ. 1996ರ ಮಾರ್ಚ್ 9. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ-ಪಾಕಿಸ್ತಾನ ಕ್ವಾರ್ಟರ್ ಫೈನಲ್. ನನಗೆ ಆಗ ಎಂಟು ವರ್ಷ. ನಮ್ಮನೇಲಿ ಟೀವಿ ಇರಲಿಲ್ಲ, ಎದುರು ಮನೆಯ ಹಾಲ್‌ನಲ್ಲಿ ಬೀದಿಗೆ ಬೀದಿಯೇ ಕೂತಿತ್ತು. ವಕಾರ್ ಯೂನಿಸ್‌ಗೆ ಜಡೇಜ ಬಾರಿಸಿದ್ದು, ಅಮೀರ್ ಸೊಹೈಲ್‌ನ ಸ್ಟಂಪನ್ನು ನಮ್ಮ ವೆಂಕಟೇಶ್ ಪ್ರಸಾದ್ ಎಬ್ಬಿಸಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಕ್ರಿಕೆಟ್ ನೋಡು ಅಂತ ನನಗೆ ಯಾರೂ ಹೇಳಿರಲಿಲ್ಲ. ಟೀವಿ ಹಾಕಿದ್ದರು, ಅದು ಬರ್ತಿತ್ತು, ಅಷ್ಟೆ.

ಆ ಪಂದ್ಯ ಮುಗಿದು ಒಂದು ತಿಂಗಳೂ ಆಗಿರಲಿಲ್ಲ, ಏಪ್ರಿಲ್ 6ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ಮೇಜರ್ ಲೀಗ್ ಸಾಕರ್, ಅಂದರೆ ಎಂಎಲ್‌ಎಸ್‌ನ ಮೊಟ್ಟಮೊದಲ ಪಂದ್ಯ ನಡೆಯಿತು. ಆದರೆ ಅದು ಅಮೆರಿಕದ ಮೊದಲ ಪ್ರಯತ್ನ ಆಗಿರಲಿಲ್ಲ.

ಜಾಹೀರಾತಿಗಾಗಿ ಊದಿದ ಸೀಟಿ

ಇಲ್ಲಿ 'ಫುಟ್‌ಬಾಲ್' ಅಂದರೆ ಹೆಲ್ಮೆಟ್ ಹಾಕಿಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ನಾವು ಫುಟ್‌ಬಾಲ್ ಅನ್ನೋದು ಇವರಿಗೆ ಸಾಕರ್. ಗೊಂದಲ ಬೇಡ ಅಂತ ನಾನೂ ಇಲ್ಲಿ ಸಾಕರ್ ಅಂತಲೇ ಬರೀತೀನಿ.

ಸಾಕರ್‌ಗೂ ಅಮೆರಿಕದ ಟೀವಿಗೂ ಮೊದಲಿನಿಂದ ಒಂದು ಜಗಳ ಇದೆ. ಕ್ರಿಕೆಟ್‌ನಲ್ಲಿ ಓವರಿಗೊಮ್ಮೆ ಬಿಡುವು, ವಿಕೆಟ್ ಬಿದ್ದರೆ ಬಿಡುವು. ಜಾಹೀರಾತು ತೂರಿಸಲು ಹೇಳಿ ಮಾಡಿಸಿದ ಆಟ. ಇಲ್ಲಿನ ಫುಟ್‌ಬಾಲ್, ಬೇಸ್‌ಬಾಲ್ ಕೂಡ ಹಾಗೇ. ಸಾಕರ್ ಮಾತ್ರ 45 ನಿಮಿಷ ನಿಲ್ಲೋದೇ ಇಲ್ಲ.

1967ರಲ್ಲಿ ಹೊಸ ಲೀಗೊಂದರ ಪಂದ್ಯಗಳನ್ನು ಸಿಬಿಎಸ್ ವಾಹಿನಿ ತೋರಿಸಲು ಹೊರಟಾಗ ಏನಾಯ್ತು ಗೊತ್ತಾ? ಒಂದು ಪಂದ್ಯದಲ್ಲಿ ತಾನು ಕೊಟ್ಟ 21 ಫೌಲ್‌ಗಳಲ್ಲಿ 11ನ್ನು ಜಾಹೀರಾತಿಗೆ ಜಾಗ ಮಾಡಿಕೊಡಲಿಕ್ಕೇ ಕೊಟ್ಟಿದ್ದೆ ಅಂತ ರೆಫರಿಯೇ ಒಪ್ಪಿಕೊಂಡರು.

ಮುಂದಿನ ವರ್ಷ ಹುಟ್ಟಿದ್ದು ನಾರ್ತ್ ಅಮೆರಿಕನ್ ಸಾಕರ್ ಲೀಗ್. 1975ರಲ್ಲಿ ನ್ಯೂಯಾರ್ಕ್ ಕಾಸ್ಮಾಸ್ ತಂಡ ಪೆಲೆಯನ್ನೇ ಕರೆತಂದಿತು. ಅವರ ಮೊದಲ ಪಂದ್ಯ ಸಿಬಿಎಸ್‌ನಲ್ಲಿ ನೇರಪ್ರಸಾರ. ಮೈದಾನದಲ್ಲಿ ಹುಲ್ಲೇ ಸರಿಯಾಗಿ ಇರಲಿಲ್ಲ, ಟೀವಿಯಲ್ಲಿ ಚೆನ್ನಾಗಿ ಕಾಣಲಿ ಅಂತ ಮಣ್ಣಿಗೆ ಹಸಿರು ಬಣ್ಣ ಹೊಡೆದಿದ್ದರು. ಆಟ ಮುಗಿಸಿ ಕಾಲಿಗೆ ಅಂಟಿದ್ದ ಹಸಿರು ನೋಡಿದ ಪೆಲೆ, ಏನೋ ಚರ್ಮರೋಗ ಹತ್ತಿತು ಅಂತ ಗಾಬರಿಯಾದರಂತೆ.

ಎರಡೇ ವರ್ಷದಲ್ಲಿ ಕಾಸ್ಮಾಸ್ ಅಂದರೆ ಹುಚ್ಚು. ಜರ್ಮನಿಯ ಬೆಕೆನ್‌ಬಾವರ್ ಕೂಡ ಬಂದರು. 1977ರ ಆಗಸ್ಟ್‌ನಲ್ಲಿ ನ್ಯೂಜೆರ್ಸಿಯ ಜೈಂಟ್ಸ್ ಕ್ರೀಡಾಂಗಣದಲ್ಲಿ ಒಂದು ಪಂದ್ಯಕ್ಕೆ 77,691 ಜನ. ಸೆಪ್ಟೆಂಬರ್‌ನಲ್ಲಿ ಇದೇ ತಂಡ ಕಲ್ಕತ್ತಕ್ಕೂ ಬಂದು ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ ಎದುರು ಆಡಿ 2-2 ಸಮ ಮಾಡಿಕೊಂಡು ಹೋಯಿತು. ನಮ್ಮ ಹಿರಿಯರು ಪೆಲೆ ಇಂಡಿಯಾಕ್ಕೆ ಬಂದಿದ್ದ ಕಥೆ ಹೇಳಿದರೆ, ಅದು ಈ ಅಮೆರಿಕದ ಲೀಗ್‌ನಿಂದಲೇ ಬಂದದ್ದು ಅಂತ ನೆನಪಿಡಿ.

ಲೀಗ್ 24 ತಂಡಕ್ಕೆ ಬೆಳೆಯಿತು. 1979ರಲ್ಲಿ ಎಬಿಸಿ ವಾಹಿನಿ ಪ್ರಸಾರ ಒಪ್ಪಂದ ಮಾಡಿಕೊಂಡಿತು. ಆದರೆ ಕಾಸ್ಮಾಸ್ ಆಡುವಾಗ ಕ್ರೀಡಾಂಗಣ ತುಂಬಿದಷ್ಟು ಸುಲಭವಾಗಿ ಟೀವಿ ಮುಂದೆ ಜನ ಸೇರಲಿಲ್ಲ. 1980ರ ನಂತರ ಎಬಿಸಿ ಕೈಬಿಟ್ಟಿತು. ಎಲ್ಲ ತಂಡಗಳೂ ಕಾಸ್ಮಾಸ್ ಥರ ಖರ್ಚು ಮಾಡೋಕೆ ಹೋಗಿದ್ದವು, ಟೀವಿ ದುಡ್ಡು ಬರಲಿಲ್ಲ, ಒಂದೊಂದೇ ಬಾಗಿಲು ಹಾಕಿದವು. 1984ರಲ್ಲಿ ಉಳಿದದ್ದು ಒಂಬತ್ತು ತಂಡ. ಅದೇ ಕೊನೆಯ ಸೀಸನ್.

ದುಡ್ಡು ಕೊಟ್ಟು ಟೀವಿಯಲ್ಲಿ ಬಂದವರು

1994ರ ವಿಶ್ವಕಪ್ ಅಮೆರಿಕಕ್ಕೆ ಸಿಕ್ಕಾಗ, ಇಲ್ಲೊಂದು ವೃತ್ತಿಪರ ಲೀಗ್ ಕಟ್ಟುತ್ತೇವೆ ಅಂತ ಫಿಫಾಗೆ ಮಾತು ಕೊಟ್ಟಿದ್ದರು. ಆ ವಿಶ್ವಕಪ್‌ಗೆ ಸರಾಸರಿ 69 ಸಾವಿರ ಜನ ಬಂದರು. ಮಾತಿಗೆ ತಕ್ಕಂತೆ 1996ರಲ್ಲಿ ಹತ್ತು ತಂಡಗಳ ಎಂಎಲ್‌ಎಸ್ ಶುರುವಾಯಿತು.

ಅಮೆರಿಕನ್ನರಿಗೆ 'ಡ್ರಾ' ಅರ್ಥವಾಗಲ್ಲ ಅಂತ ಸಮವಾದ ಪಂದ್ಯಗಳಿಗೆಲ್ಲ ಶೂಟೌಟ್ ಇಟ್ಟರು. 35 ಗಜ ದೂರದಿಂದ ಆಟಗಾರ ಒಬ್ಬನೇ ಚೆಂಡು ತಳ್ಳಿಕೊಂಡು ಹೋಗಿ ಗೋಲ್‌ಕೀಪರನ್ನು ಎದುರಿಸಬೇಕು. ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಆಟ ಗೊತ್ತಿದ್ದವರು ನಕ್ಕರು, ಗೊತ್ತಿಲ್ಲದವರು ಹೇಗೂ ಬರಲಿಲ್ಲ. ನಾಲ್ಕು ಸೀಸನ್ ಆದ ಮೇಲೆ ಎರಡನ್ನೂ ಕೈಬಿಟ್ಟರು.

2002ರ ಆರಂಭದಲ್ಲಿ ಫ್ಲಾರಿಡಾದ ಎರಡು ತಂಡಗಳನ್ನು ಮುಚ್ಚಬೇಕಾಯಿತು. ಉಳಿದ ಹತ್ತರಲ್ಲಿ ಆರು ತಂಡಗಳ ಹೊಣೆ ಫಿಲಿಪ್ ಆ್ಯನ್‌ಶುಟ್ಜ್ ಎಂಬ ಒಬ್ಬರೇ ಸಿರಿವಂತರ ಮೇಲೆ. ಆ ದಿನಗಳಲ್ಲಿ ವಾಹಿನಿಗಳು ಲೀಗ್‌ಗೆ ದುಡ್ಡು ಕೊಡೋದಿರಲಿ, ಲೀಗೇ ದುಡ್ಡು ಕೊಟ್ಟು ವಾಹಿನಿಯ ಸಮಯ ಖರೀದಿಸುತ್ತಿತ್ತು. ಮದುವೆ ಮನೆಯವರೇ ಊಟ ಹಾಕಿ, ಉಣ್ಣಲು ಬಂದವರಿಗೆ ಬಸ್ ಚಾರ್ಜನ್ನೂ ಕೊಟ್ಟ ಹಾಗೆ.

ಆಗ ಲೀಗ್‌ನವರು ಒಂದು ಜಾಣತನದ ಕೆಲಸ ಮಾಡಿದರು. 2002 ಮತ್ತು 2006ರ ವಿಶ್ವಕಪ್‌ಗಳ ಇಂಗ್ಲಿಷ್ ಪ್ರಸಾರ ಹಕ್ಕನ್ನು ತಾವೇ ಕೊಂಡು, ಅದರ ಜೊತೆಗೆ ಎಂಎಲ್‌ಎಸ್ ಪಂದ್ಯಗಳನ್ನೂ ಸೇರಿಸಿ ವಾಹಿನಿಗೆ ದಾಟಿಸಿದರು. ವಿಶ್ವಕಪ್ ಬೇಕಾದರೆ ನಮ್ಮ ಲೀಗನ್ನೂ ತೋರಿಸಿ ಅನ್ನೋ ಲೆಕ್ಕ. 2007ರಿಂದ ಮೊದಲ ಸಲ ಇಎಸ್‌ಪಿಎನ್ ಪ್ರಸಾರ ಹಕ್ಕಿಗೆ ದುಡ್ಡು ಕೊಡಲು ಶುರುಮಾಡಿತು. ಬೆಕಮ್ ಲಾಸ್ ಏಂಜಲೀಸ್‌ಗೆ ಬಂದದ್ದೂ ಅದೇ ವರ್ಷ.

ಲೀಗನ್ನು ನಿಜವಾಗಿ ಉಳಿಸಿದ್ದು ಮಾತ್ರ ಟೀವಿ ಅಲ್ಲ, ಸ್ವಂತ ಮನೆ. ಅದರ ಮೊದಲ ಕಲ್ಲು ಇಟ್ಟದ್ದು ನಮ್ಮ ಕೊಲಂಬಸ್. ಬೇರೆ ತಂಡಗಳು ಫುಟ್‌ಬಾಲ್‌ನವರ ದೈತ್ಯ ಕ್ರೀಡಾಂಗಣದಲ್ಲಿ ಬಾಡಿಗೆಗೆ ಆಡುತ್ತಿದ್ದಾಗ, 1999ರಲ್ಲಿ ಇಲ್ಲಿ ರಾಜ್ಯ ಜಾತ್ರೆಯ ಮೈದಾನದ ಪಕ್ಕ ಸಾಕರ್‌ಗಾಗಿಯೇ ಸುಮಾರು 22 ಸಾವಿರ ಆಸನಗಳ ಕ್ರೀಡಾಂಗಣ ಎದ್ದಿತು. ಅರ್ಧ ತುಂಬಿದರೂ ಗಲಾಟೆ ಕೇಳಿಸುವಷ್ಟು ಪುಟ್ಟದು. ಆಮೇಲೆ ಊರೂರಲ್ಲೂ ಇಂಥವು ಬಂದವು. ಉಕ್ಕಿನ ಬೆಂಚಿನ ಮೇಲೆ ಕಾಲು ಬಡಿದು ಬಡಿದು ತನ್ನ ಮಂಡಿ ಹೋಯಿತು ಅಂತ ತಾತ ಈಗಲೂ ತಮಾಷೆ ಮಾಡ್ತಾರೆ.

2017ರ ಅಕ್ಟೋಬರ್‌ನಲ್ಲಿ ಆಗಿನ ಮಾಲೀಕರು ತಂಡವನ್ನು ಟೆಕ್ಸಸ್‌ನ ಆಸ್ಟಿನ್‌ಗೆ ಒಯ್ಯುವ ಯೋಚನೆ ಹೊರಹಾಕಿದರು. ಊರಿಗೆ ಊರೇ ಎದ್ದಿತು. 'ಸೇವ್ ದ ಕ್ರೂ' ಅಂತ ಹಳದಿ ಬಾವುಟ ಮನೆಮನೆ ಮುಂದೆ. ತಂಡಗಳು ಊರು ಬಿಟ್ಟು ಓಡಿಹೋಗದಂತೆ ಒಹಾಯೊದಲ್ಲಿ 1996ರಲ್ಲೇ ಒಂದು ಕಾಯ್ದೆ ಬಂದಿತ್ತು. ಅದರಡಿ ರಾಜ್ಯ ಸರ್ಕಾರ ಕೋರ್ಟಿಗೆ ಹೋಯಿತು. 2019ರ ಆರಂಭದಲ್ಲಿ ಹೊಸ ಮಾಲೀಕರು ಬಂದರು, ತಂಡ ಉಳಿಯಿತು. 2020ರಲ್ಲಿ ಲೀಗ್ ಚಾಂಪಿಯನ್, 2021ರಲ್ಲಿ ಹೊಸ ಕ್ರೀಡಾಂಗಣ, 2023ರಲ್ಲಿ ಮತ್ತೆ ಚಾಂಪಿಯನ್.

ಬೀದಿಗಿಳಿದು ಕೂಗಿದವರು ಯಾರು ಅಂತ ನಾನೊಮ್ಮೆ ತಾತನನ್ನು ಕೇಳಿದ್ದೆ. "ಟಿಕೆಟ್ ತಗೊಂಡವರು ಮಾತ್ರ ಅಲ್ಲ. ಸುಮ್ಮನೆ ಲೋಕಲ್ ಟೀವಿಯಲ್ಲಿ ನೋಡುತ್ತಿದ್ದವರೂ ಬಂದಿದ್ದರು" ಅಂದರು.

ತಂಡಕ್ಕೆ 50 ಕೋಟಿ, ಪ್ರಸಾರಕ್ಕೆ ಎಷ್ಟು?

ಬೆಳವಣಿಗೆಯ ಲೆಕ್ಕ ನೋಡಿದರೆ ತಲೆ ತಿರುಗುತ್ತೆ. 2007ರಲ್ಲಿ ಟೊರಾಂಟೊ ತಂಡ ಲೀಗ್ ಸೇರಲು ಕೊಟ್ಟ ಶುಲ್ಕ 1 ಕೋಟಿ ಡಾಲರ್. 2025ರಲ್ಲಿ ಆಡಲು ಶುರುಮಾಡಿದ ಸ್ಯಾನ್ ಡಿಯಾಗೊ ಕೊಟ್ಟದ್ದು 50 ಕೋಟಿ ಡಾಲರ್. ಹತ್ತು ತಂಡಗಳಿದ್ದ ಲೀಗ್‌ನಲ್ಲಿ ಈಗ 30. 2024ರಲ್ಲಿ ಪಂದ್ಯಕ್ಕೆ ಸರಾಸರಿ 23 ಸಾವಿರ ಪ್ರೇಕ್ಷಕರು. 2023ರ ಜುಲೈ 4ರಂದು ಲಾಸ್ ಏಂಜಲೀಸ್‌ನ ಎರಡು ತಂಡಗಳ ಪಂದ್ಯಕ್ಕೆ 82,110 ಜನ ಸೇರಿದ್ದರು.

ಈಗ ಟೀವಿ ಲೆಕ್ಕ. 2015ರಿಂದ 2022ರವರೆಗೆ ಮೂರು ವಾಹಿನಿಗಳು ಸೇರಿ ವರ್ಷಕ್ಕೆ ಕೊಟ್ಟದ್ದು ಸುಮಾರು 9 ಕೋಟಿ ಡಾಲರ್, ಅದರಲ್ಲೂ ರಾಷ್ಟ್ರೀಯ ತಂಡಗಳ ಪಂದ್ಯಗಳು ಸೇರಿಕೊಂಡಿದ್ದವು. ಇಂಗ್ಲೆಂಡಿನ ಪ್ರೀಮಿಯರ್ ಲೀಗನ್ನು ಅಮೆರಿಕದಲ್ಲಿ ತೋರಿಸಲು ಎನ್‌ಬಿಸಿ ಈಗ ವರ್ಷಕ್ಕೆ ಕೊಡುತ್ತಿರುವುದು ಸುಮಾರು 45 ಕೋಟಿ ಡಾಲರ್. ಇಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ಗೆ ವರ್ಷಕ್ಕೆ ಸುಮಾರು 1,000 ಕೋಟಿ ಡಾಲರ್!

ಸಾಕರ್ ನೋಡುವವರು ಇಲ್ಲಿ ಇಲ್ಲ ಅಂತಲ್ಲ. ಇದ್ದಾರೆ, ಆದರೆ ಹಂಚಿಹೋಗಿದ್ದಾರೆ. ಶನಿವಾರ ಬೆಳಗ್ಗೆ ಕಾಫಿ ಜೊತೆ ಇಂಗ್ಲೆಂಡಿನ ಪಂದ್ಯ ನೋಡುವವರು ಒಂದು ಗುಂಪು. ನಮ್ಮ ಆಫೀಸಿನ ಅರ್ಧ ಜನ ಇದರಲ್ಲೇ ಇದ್ದಾರೆ. ಮೆಕ್ಸಿಕೊ ಮೂಲದ ಕುಟುಂಬಗಳು ಸ್ಪ್ಯಾನಿಷ್ ವಾಹಿನಿಯಲ್ಲಿ ತಮ್ಮ ಲಿಗಾ ಎಂಎಕ್ಸ್ ನೋಡುತ್ತವೆ. ಅಮೆರಿಕದ ಟೀವಿಯಲ್ಲಿ ವರ್ಷಗಟ್ಟಲೆ ಅತಿ ಹೆಚ್ಚು ಜನ ನೋಡಿದ ಸಾಕರ್ ಲೀಗ್ ಅದೇ. ಸ್ವಂತ ಊರಿನ ಲೀಗಿಗೆ ಉಳಿದದ್ದು ಮಿಕ್ಕ ಜಾಗ. ಹತ್ತಿರದ ಹೋಟೆಲ್ ಬಿಟ್ಟು, ಎಲ್ಲೋ ದೂರದ ಹೆಸರಾಂತ ಹೋಟೆಲಿನಿಂದ ಊಟ ತರಿಸಿಕೊಂಡ ಹಾಗೆ. ಊಟ ಹಾಗೂ ಬರುತ್ತೆ, ಹತ್ತಿರದ ಹೋಟೆಲ್ ಮಾತ್ರ ಖಾಲಿ ಇರುತ್ತೆ.

ಒಂದೇ ಆ್ಯಪ್, ಒಬ್ಬನೇ ಮೆಸ್ಸಿ

2022ರ ಜೂನ್‌ನಲ್ಲಿ ಎಂಎಲ್‌ಎಸ್ ಯಾರೂ ಮಾಡದ ಕೆಲಸ ಮಾಡಿತು. 2023ರಿಂದ ಹತ್ತು ವರ್ಷ ಲೀಗ್‌ನ ಎಲ್ಲ ಪಂದ್ಯಗಳನ್ನೂ ಒಂದೇ ಕಂಪನಿಗೆ, ಆ್ಯಪಲ್‌ಗೆ ಕೊಟ್ಟಿತು. ವರ್ಷಕ್ಕೆ ಕನಿಷ್ಠ 25 ಕೋಟಿ ಡಾಲರ್, ಒಟ್ಟು 250 ಕೋಟಿ. ವೀಕ್ಷಕರು ಬೇರೆಯೇ ಚಂದಾ ಕಟ್ಟಬೇಕು: ಸೀಸನ್‌ಗೆ 99 ಡಾಲರ್, ಆ್ಯಪಲ್ ಟೀವಿ ಚಂದಾದಾರರಿಗೆ 79. ಕೆಲವು ಪಂದ್ಯ ಮಾತ್ರ ಫಾಕ್ಸ್ ವಾಹಿನಿಯಲ್ಲಿ.

ಅದರ ಒಳ್ಳೆಯ ಮುಖವನ್ನೂ ಹೇಳಬೇಕು. ಮೊದಲು ಯಾವ ಪಂದ್ಯ ಎಲ್ಲಿ ಬರುತ್ತೆ ಅಂತ ಹುಡುಕೋದೇ ದೊಡ್ಡ ಕೆಲಸ. ಆನ್‌ಲೈನ್ ಚಂದಾ ಇದ್ದರೂ ನಿಮ್ಮೂರಿನ ತಂಡದ ಪಂದ್ಯಕ್ಕೆ ತಡೆ, ಯಾಕಂದ್ರೆ ಅದು ಸ್ಥಳೀಯ ವಾಹಿನಿಯ ಪಾಲು. ಆ್ಯಪಲ್‌ನಲ್ಲಿ ಆ ತಡೆ ಇಲ್ಲ. ನೂರಕ್ಕೂ ಹೆಚ್ಚು ದೇಶಗಳಲ್ಲಿ ಎಲ್ಲ ಪಂದ್ಯವೂ ಒಂದೇ ಕಡೆ. ಬೆಂಗಳೂರಿನಲ್ಲಿ ಮೆಟ್ರೊ ಹತ್ತಿ ಕೂತವರೂ ಮೊಬೈಲಿನಲ್ಲಿ ನೋಡಬಹುದು. ಇನ್ನೊಂದು ಕಡೆ, ಲೀಗ್ ಬಿಟ್ಟುಬಂದ ಪ್ರಾದೇಶಿಕ ಕ್ರೀಡಾ ವಾಹಿನಿಗಳ ವ್ಯಾಪಾರವೇ ಕುಸಿಯುತ್ತಿತ್ತು. ಅವುಗಳಲ್ಲಿ ದೊಡ್ಡದಾದ ಡೈಮಂಡ್ ಸ್ಪೋರ್ಟ್ಸ್ 2023ರ ಮಾರ್ಚ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಮುಳುಗುವ ದೋಣಿಯಿಂದ ಎಂಎಲ್‌ಎಸ್ ಮೊದಲೇ ಇಳಿದಿತ್ತು.

ಅದೇ ವರ್ಷ ಜುಲೈ 21ರಂದು ಮೆಸ್ಸಿ ಇಂಟರ್ ಮಯಾಮಿ ಪರ ಮೊದಲ ಪಂದ್ಯ ಆಡಿ, ಕೊನೇ ಗಳಿಗೆಯ ಫ್ರೀ ಕಿಕ್‌ನಲ್ಲಿ ಗೆಲುವಿನ ಗೋಲು ಹೊಡೆದರು. ನಮ್ಮ ಮಗಳು ಕಿರುಚಿದ್ದು ತಾತನ ಮನೆಗೆ ಕೇಳಿಸಿತ್ತು.

2025ರ ಏಪ್ರಿಲ್ 19ರಂದು ಮೆಸ್ಸಿ ನಮ್ಮ ತಂಡದ ಎದುರು ಆಡಲು ಬಂದರು. ಅದು ಕ್ರೂ ತಂಡದ ತವರಿನ ಪಂದ್ಯ, ಆದರೆ ನಡೆದದ್ದು ಎರಡು ಗಂಟೆ ದೂರದ ಕ್ಲೀವ್‌ಲ್ಯಾಂಡ್‌ನಲ್ಲಿ. ಅಲ್ಲಿ ಫುಟ್‌ಬಾಲ್ ಕ್ರೀಡಾಂಗಣ ಇದೆ, ನಮ್ಮೂರಿನದಕ್ಕಿಂತ ಮೂರು ಪಟ್ಟು ದೊಡ್ಡದು. ಮಗಳನ್ನು ಕರೆದುಕೊಂಡು ಹೋಗಿದ್ದೆ. 60,614 ಜನ. ಕಣ್ಣು ಹಾಯಿಸಿದ ಕಡೆಯೆಲ್ಲ ಮಯಾಮಿಯ ಗುಲಾಬಿ ಬಣ್ಣ. ನಮ್ಮ ಹಳದಿಯವರು ಸ್ವಂತ ಪಂದ್ಯದಲ್ಲೇ ನೆಂಟರ ಹಾಗೆ ಕೂತಿದ್ದರು. ಮಯಾಮಿ 1-0ಯಿಂದ ಗೆದ್ದಿತು. ಗೋಲು ಹೊಡೆದದ್ದು ಮೆಸ್ಸಿ ಅಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಮಗಳು ಕೇಳಿದಳು: "ಅಪ್ಪಾ, ಇಷ್ಟು ಜನ ಮುಂದಿನ ವಾರವೂ ನೋಡ್ತಾರಾ?"

ಕಷ್ಟದ ಪ್ರಶ್ನೆ. 2024ರ ಫೈನಲ್ ಪಂದ್ಯ ಆ್ಯಪಲ್‌ನಲ್ಲೂ ಬಂತು, ಫಾಕ್ಸ್‌ನಲ್ಲೂ ಬಂತು. ಫಾಕ್ಸ್‌ನಲ್ಲಿ ನೋಡಿದವರು ಸರಾಸರಿ 5 ಲಕ್ಷದ ಆಸುಪಾಸು. ಮೂವತ್ತು ಕೋಟಿಗೂ ಹೆಚ್ಚು ಜನ ಇರುವ ದೇಶದಲ್ಲಿ ಇದು ಬಹಳ ಕಡಿಮೆ. ವಾರವಾರ ಆ್ಯಪ್ ಒಳಗೆ ಲೀಗ್‌ನ ಪಂದ್ಯ ಸಿಗದೆ ಹೋದರೆ, ಜನ ಫೈನಲ್ ದಿನ ಮಾತ್ರ ಯಾಕೆ ಚಾನೆಲ್ ಹುಡುಕಿಕೊಂಡು ಬರ್ತಾರೆ? ಚಂದಾ ಕಟ್ಟಿದವನು ಮೊದಲೇ ಅಭಿಮಾನಿ. ಗೋಡೆಯ ಒಳಗಿರುವವರಿಗೆ ಸೊಗಸಾದ ಮನೆ, ಹೊರಗೆ ಬೀದಿಯಲ್ಲಿ ಹೋಗುವವನಿಗೆ ಕಿಟಕಿಯೇ ಇಲ್ಲ. ಇದೇ ತಾತ ಕೇಳಿದ ಪ್ರಶ್ನೆ.

ಹೆಣ್ಣುಮಕ್ಕಳ ಲೀಗ್ ಹಿಡಿದ ದಾರಿ

ಇದಕ್ಕೆ ಸರಿಯಾಗಿ ಎದುರು ದಾರಿ ಹಿಡಿದದ್ದು ಮಹಿಳೆಯರ ಲೀಗ್, ಎನ್‌ಡಬ್ಲ್ಯುಎಸ್‌ಎಲ್.

ಅಮೆರಿಕದಲ್ಲಿ ಮಹಿಳಾ ಸಾಕರ್‌ಗೆ ಪುರುಷರದ್ದಕ್ಕಿಂತ ದೊಡ್ಡ ದಿನಗಳಿದ್ದವು. 1999ರ ಮಹಿಳಾ ವಿಶ್ವಕಪ್ ಫೈನಲ್‌ಗೆ ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ 90,185 ಜನ. 2015ರ ಫೈನಲನ್ನು ಫಾಕ್ಸ್‌ನಲ್ಲಿ ಎರಡೂವರೆ ಕೋಟಿ ಜನ ನೋಡಿದರು. ಆದರೂ ಮೊದಲ ಎರಡು ವೃತ್ತಿಪರ ಲೀಗ್‌ಗಳು ಮೂರು ಮೂರು ಸೀಸನ್‌ಗೇ ಮುಚ್ಚಿಹೋದವು. ಮೂರನೆಯದು 2013ರಲ್ಲಿ ಎಂಟು ತಂಡಗಳಿಂದ ಶುರುವಾಗಿ ಉಳಿದುಕೊಂಡಿತು.

2023ರ ನವೆಂಬರ್‌ನಲ್ಲಿ ಈ ಲೀಗ್ ತನ್ನ ಪಂದ್ಯಗಳನ್ನು ನಾಲ್ಕು ಕಡೆಗೆ ಹಂಚಿತು: ಸಿಬಿಎಸ್, ಇಎಸ್‌ಪಿಎನ್, ಅಮೆಜಾನ್ ಪ್ರೈಮ್ ಮತ್ತು ಅಯಾನ್. ನಾಲ್ಕು ವರ್ಷಕ್ಕೆ 24 ಕೋಟಿ ಡಾಲರ್. ಹಿಂದಿನ ಒಪ್ಪಂದದಲ್ಲಿ ವರ್ಷಕ್ಕೆ ಬರುತ್ತಿದ್ದುದು 15 ಲಕ್ಷ ಡಾಲರ್ ಮಾತ್ರ; ಈಗ ವರ್ಷಕ್ಕೆ 6 ಕೋಟಿ. ಅಂದರೆ ನಲವತ್ತು ಪಟ್ಟು.

ಇದರಲ್ಲಿ ಅಯಾನ್ ಕಥೆ ನನಗೆ ಇಷ್ಟ. ಅದು ಹಳೇ ಕಾಲದ ಆಂಟೆನಾ ಇದ್ದರೂ ಬರುವ ಉಚಿತ ವಾಹಿನಿ. ಶನಿವಾರ ರಾತ್ರಿ ಸಾಲಾಗಿ ಎರಡು ಪಂದ್ಯ. ಒಂದು ಶನಿವಾರ ನಾನು ಅಡುಗೆಮನೆಯಲ್ಲಿದ್ದೆ, ಮಗಳು ಏನೋ ಹುಡುಕುತ್ತಾ ಚಾನೆಲ್ ಬದಲಾಯಿಸುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಸದ್ದೇ ಇಲ್ಲ. ಹೋಗಿ ನೋಡಿದರೆ ಕಾಲು ಮಡಚಿ ಕೂತು ಕಾನ್ಸಾಸ್ ಸಿಟಿಯ ಪಂದ್ಯ ನೋಡುತ್ತಿದ್ದಾಳೆ. ಯಾರು ಆಡ್ತಿದ್ದಾರೆ ಅಂತ ಅವಳಿಗೆ ಗೊತ್ತಿಲ್ಲ. "ಅಪ್ಪಾ, ಇವರು ನಮ್ಮ ಕೋಚ್ ಹೇಳಿದ ಥರಾನೇ ಪಾಸ್ ಮಾಡ್ತಾರೆ" ಅಂದಳು. ಆ ರಾತ್ರಿ ನಾನು ಎದುರು ಮನೆಯ ಹಾಲ್‌ನಲ್ಲಿ ಕೂತಿದ್ದ ಎಂಟು ವರ್ಷದ ಹುಡುಗನನ್ನು ನೆನೆಸಿಕೊಂಡೆ.

ಕಾನ್ಸಾಸ್ ಸಿಟಿಯ ಆ ಕ್ರೀಡಾಂಗಣವೂ ವಿಶೇಷವೇ. 2024ರ ಮಾರ್ಚ್‌ನಲ್ಲಿ ತೆರೆದ 11,500 ಆಸನಗಳ ಅದು, ಮಹಿಳಾ ವೃತ್ತಿಪರ ತಂಡಕ್ಕಾಗಿಯೇ ಕಟ್ಟಿದ ಮೊದಲನೆಯದು. ಅದೇ ವರ್ಷ ಲಾಸ್ ಏಂಜಲೀಸ್‌ನ ಏಂಜಲ್ ಸಿಟಿ ತಂಡ 25 ಕೋಟಿ ಡಾಲರ್ ಬೆಲೆಗೆ ಕೈಬದಲಾಯಿಸಿತು. 2026ಕ್ಕೆ ಲೀಗ್‌ನಲ್ಲಿ 16 ತಂಡ.

ನಾಲ್ಕು ಕಡೆ ಹಂಚಿದರೆ ತೊಂದರೆಯೂ ಇದೆ. ಇವತ್ತಿನ ಪಂದ್ಯ ಎಲ್ಲಿದೆ ಅಂತ ಅಭಿಮಾನಿ ಹುಡುಕಬೇಕು. ಆದರೆ ಅಭಿಮಾನಿ ಹುಡುಕ್ತಾನೆ. ಹುಡುಕದವನ ಕಣ್ಣಿಗೂ ಬೀಳುತ್ತಲ್ಲ, ಲಾಭ ಅಲ್ಲಿದೆ.

ಗೋಡೆ ಇಳಿದ ವರ್ಷ

2025ರ ನವೆಂಬರ್‌ನಲ್ಲಿ ಎಂಎಲ್‌ಎಸ್ ಎರಡು ದೊಡ್ಡ ತೀರ್ಮಾನ ಹೇಳಿತು.

ಒಂದು, 2026ರಿಂದ ಬೇರೆ ಸೀಸನ್ ಪಾಸ್ ಇಲ್ಲ. ಆ್ಯಪಲ್ ಟೀವಿ ಚಂದಾ ಇದ್ದರೆ ಸಾಕು, ಎಲ್ಲ ಪಂದ್ಯವೂ ಅದರೊಳಗೇ ಬರುತ್ತೆ. ಸೀರಿಯಲ್ ನೋಡಲು ಬಂದವರ ಕಣ್ಣಿಗೂ ಈಗ ಸಾಕರ್ ಬೀಳುತ್ತೆ. ಅದರ ಜೊತೆಗೇ ಹತ್ತು ವರ್ಷದ ಒಪ್ಪಂದವನ್ನು ಮೊಟಕು ಮಾಡಿ 2028–29ರ ಸೀಸನ್‌ಗೇ ಮುಗಿಸಲು ಇಬ್ಬರೂ ಒಪ್ಪಿದರು. ದುಡ್ಡು ಕೊಟ್ಟು ಒಳಗೆ ಬರುವವರನ್ನು ಎಣಿಸೋದಕ್ಕಿಂತ, ಬಾಗಿಲ ಮುಂದೆ ಹಾದುಹೋಗುವವರನ್ನು ನಿಲ್ಲಿಸೋದು ಮುಖ್ಯ ಅಂತ ಲೀಗಿಗೆ ಅರ್ಥವಾಗಿದೆ ಅಂತಲೇ ನಾನು ಇದನ್ನು ಓದಿಕೊಳ್ಳೋದು.

ಎರಡು, 2027ರಿಂದ ಪಂಚಾಂಗವೇ ಬದಲು. ಈಗ ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ನಡೆಯುವ ಲೀಗ್, ಯುರೋಪಿನಂತೆ ಜುಲೈನಿಂದ ಮೇವರೆಗೆ ನಡೆಯಲಿದೆ. ಡಿಸೆಂಬರ್ ಮಧ್ಯದಿಂದ ಫೆಬ್ರುವರಿ ಆರಂಭದವರೆಗೆ ಚಳಿಗಾಲದ ಬಿಡುವು. ಆಟಗಾರರ ಖರೀದಿ-ಮಾರಾಟ ಯುರೋಪಿನ ಜೊತೆ ಹೊಂದಿಕೊಳ್ಳಲಿ ಅನ್ನೋದು ಒಂದು ಕಾರಣ. ಇನ್ನೊಂದು ಶುದ್ಧ ಟೀವಿ ಕಾರಣ: ಈಗ ಎಂಎಲ್‌ಎಸ್‌ನ ನಾಕೌಟ್ ಪಂದ್ಯಗಳು ಬರುವುದು ಫುಟ್‌ಬಾಲ್ ಸೀಸನ್‌ನ ನಟ್ಟನಡುವೆ. ಗಣೇಶನ ಮೆರವಣಿಗೆ ಹೋಗುತ್ತಿರುವ ಬೀದಿಯಲ್ಲೇ ನಮ್ಮ ಮನೆ ಕಾರ್ಯಕ್ರಮ ಇಟ್ಟುಕೊಂಡರೆ ಯಾರು ಬರ್ತಾರೆ? ಮೇ ತಿಂಗಳಿಗೆ ಒಯ್ದರೆ ಎನ್‌ಎಫ್‌ಎಲ್ ಆದರೂ ಇರಲ್ಲ.

ಕೈಯಲ್ಲಿರುವ ಸಮಯ ಮಾತ್ರ ಕಡಿಮೆ. ಮೆಸ್ಸಿಯ ಹೊಸ ಕರಾರು 2028ರವರೆಗೆ. ಆ್ಯಪಲ್ ಒಪ್ಪಂದ ಮುಗಿಯುವುದೂ ಅದರ ಬೆನ್ನಿಗೇ. ಮೆಸ್ಸಿ ಬಂದ ಮೇಲೆ ಮಯಾಮಿ 2025ರ ಲೀಗ್ ಕಪ್ಪನ್ನೂ ಗೆದ್ದಾಯಿತು. ಅವರು ಹೋದ ಮೇಲೂ ಉಳಿಯುವ ವೀಕ್ಷಕರನ್ನು ಇಷ್ಟರಲ್ಲೇ ಕಟ್ಟಿಕೊಳ್ಳಬೇಕು. ಪೆಲೆ ಹೋದ ಮೇಲೆ ಏನಾಯ್ತು ಅಂತ ಈ ದೇಶ ಒಮ್ಮೆ ನೋಡಿದೆ.

ಅದಕ್ಕೆ ಸಿಕ್ಕಿರುವ ದೊಡ್ಡ ಅವಕಾಶ 2026ರ ವಿಶ್ವಕಪ್. ಜೂನ್ 11ರಿಂದ ಜುಲೈ 19ರವರೆಗೆ 48 ತಂಡ, 104 ಪಂದ್ಯ, ಅದರಲ್ಲಿ 78 ಅಮೆರಿಕದ ನೆಲದಲ್ಲಿ. ಫೈನಲ್ ನಡೆಯೋದು ನ್ಯೂಜೆರ್ಸಿಯ ಮೆಟ್‌ಲೈಫ್ ಕ್ರೀಡಾಂಗಣದಲ್ಲಿ. ಪೆಲೆ ಆಡಿದ್ದ ಜೈಂಟ್ಸ್ ಕ್ರೀಡಾಂಗಣ ಇದ್ದದ್ದು ಅದರ ಪಕ್ಕದಲ್ಲೇ. ಅದನ್ನು ಕೆಡವಿ ಈಗ ಅಲ್ಲಿ ಪಾರ್ಕಿಂಗ್ ಜಾಗ ಇದೆ. ಫಾಕ್ಸ್ ಮತ್ತು ಸ್ಪ್ಯಾನಿಷ್‌ನ ಟೆಲಿಮುಂಡೊದಲ್ಲಿ ವಿಶ್ವಕಪ್ ಬರುತ್ತೆ. ಆ ಐದೂವರೆ ವಾರ ಇಲ್ಲಿನ ಮನೆಗಳಲ್ಲಿ ಯಾರೂ ಚಾನೆಲ್ ಹುಡುಕಬೇಕಿಲ್ಲ. ಜುಲೈ 20ರ ಬೆಳಗ್ಗೆ ಎದ್ದವರಿಗೆ ಮುಂದಿನ ಪಂದ್ಯ ಎಲ್ಲಿ ಕಾಣಿಸುತ್ತೆ ಅನ್ನೋದರ ಮೇಲೆ ಎಲ್ಲ ನಿಂತಿದೆ.

ಇದು ಅಮೆರಿಕದವರ ತಲೆನೋವು, ನಮಗೇನು ಅನ್ನಬೇಡಿ. ನಮ್ಮ ಐಎಸ್‌ಎಲ್‌ ಕೂಡ ಎಂಎಲ್‌ಎಸ್‌ ಥರ ಫ್ರಾಂಚೈಸಿಗಳ ಲೀಗ್ ಆಗಿಯೇ 2014ರಲ್ಲಿ ಶುರುವಾದದ್ದು. ಭಾರತದ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ 15 ವರ್ಷಕ್ಕೆ ಬರೆದುಕೊಟ್ಟಿದ್ದ ವಾಣಿಜ್ಯ ಹಕ್ಕಿನ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಅಂತ ತೀರ್ಮಾನವಾಗದೆ, ಜುಲೈನಲ್ಲೇ ಆ ಸೀಸನ್ನನ್ನು ತಡೆಹಿಡಿದರು. ಕಂಠೀರವದಲ್ಲಿ ಬಿಎಫ್‌ಸಿಗಾಗಿ ನೀಲಿ ಬಟ್ಟೆ ತೊಟ್ಟು ಕೂಗುವ ನನ್ನ ಗೆಳೆಯರು ತಿಂಗಳುಗಟ್ಟಲೆ ಫೋನ್ ಮಾಡಿ ಬೇಸರ ಹೇಳಿಕೊಂಡರು. ಲೀಗ್ ಅನ್ನೋದು ಮೈದಾನದಲ್ಲಿ ಎಷ್ಟೇ ಚೆನ್ನಾಗಿರಲಿ, ಅದರ ಉಸಿರು ಯಾವುದೋ ಒಪ್ಪಂದದ ಕೊನೇ ಪುಟದಲ್ಲಿರುತ್ತೆ. ಕ್ರೂ ಉಳಿಸಿಕೊಂಡ ನಮ್ಮೂರಿನವರನ್ನು ನೋಡಿ ಕಲಿತದ್ದು ಇಷ್ಟು: ಕಾಗದ ಹರಿದ ದಿನ ತಂಡದ ಪರ ಬೀದಿಗೆ ಬರುವವರು, ಎಂದೋ ಒಂದು ದಿನ ಸುಮ್ಮನೆ ಟೀವಿ ಹಾಕಿ ಅದನ್ನು ನೋಡಿದವರು.

ಈ ಫೆಬ್ರುವರಿಯಲ್ಲಿ ಸೀಸನ್ ಶುರುವಾದ ದಿನ ತಾತನ ಕರೆ ಬರಲಿಲ್ಲ. ನಾನೇ ಹೋಗಿ ನೋಡಿದೆ. ಆ್ಯಪ್ ಅವರೇ ತೆರೆದುಕೊಂಡಿದ್ದರು. ಸೋಫಾದಲ್ಲಿ ಅವರ ಪಕ್ಕ ಒಬ್ಬ ಮೊಮ್ಮಗ, ಹದಿಮೂರು ವರ್ಷದವನು. ಏನೋ ಸಿನಿಮಾ ನೋಡಲು ಬಂದವನಂತೆ, ಪಂದ್ಯ ಕಣ್ಣಿಗೆ ಬಿದ್ದು ಕೂತುಬಿಟ್ಟಿದ್ದ.

"ಚಾನೆಲ್ ನಂಬರ್ ಎಷ್ಟು ತಾತ?" ಅಂತ ಕೇಳಿದೆ.

"ಸದ್ದು ಮಾಡಬೇಡ, ಕಾರ್ನರ್ ಕಿಕ್" ಅಂದರು. ನಾನೂ ಚಪ್ಪಲಿ ಬಿಟ್ಟು ಕೂತೆ.

ನೀವು ಯಾವ ಆಟವನ್ನು, ಯಾರ ಮನೆಯಲ್ಲಿ, ಹೇಗೆ ಮೊದಲ ಸಲ ನೋಡಿದಿರಿ? ಯಾರೂ ಹೇಳದೆ ನೀವಾಗಿಯೇ ಅಭಿಮಾನಿಯಾದ ಕಥೆ ಇದ್ದರೆ ಓದುಗರ ಅಂಕಣಕ್ಕೆ ಬರೆದು ಕಳಿಸಿ.